ಗಂಜ್: ನೀರು ತಂಗಿ ಮುಂದೆ ಸಾಗುವ ಗೋಪುರ



ಈ ವರ್ಷ ಕಲಿಕೆ ಮುಗಿಸುವವರು ಕರ್ನಾಟಕದ ಒಂದು ಸ್ಥಳವನ್ನು ಆರಿಸಿಕೊಂಡು, ಅದರ ಬಗ್ಗೆ ಓದಿ ಮಾತನಾಡಬೇಕು ಎಂದು ಟೀಚರ್ ಹೇಳಿದ್ದರು. ನಾನು ವಿಜಯಪುರ ಎಂದೆ. ತಕ್ಷಣ ಎಲ್ಲರೂ "ಓ, ಗೋಳಗುಮ್ಮಟ!" ಎಂದರು. ಇಲ್ಲ, ನಾನು ಗೋಳಗುಮ್ಮಟದ ಬಗ್ಗೆ ಹೇಳುವುದಿಲ್ಲ. ಅದರ ಬಗ್ಗೆ ಹೇಳಲು ಸಾವಿರ ಜನರಿದ್ದಾರೆ. ಅಲ್ಲಿ ಒಮ್ಮೆ ಕೂಗಿದರೆ ಅದೇ ಏಳು ಸಲ ಹೇಳುತ್ತದೆ. ನಾನು ಹೇಳಹೊರಟಿರುವುದು ಅದೇ ಊರಿನ, ಯಾರೂ ನಿಂತು ನೋಡದ ಒಂದು ಕಟ್ಟಡದ ಬಗ್ಗೆ. ಅದರ ಹೆಸರು ಗಂಜ್. ಅಂದರೆ ಹಳೆಯ ಕಾಲದ ನೀರಿನ ಗೋಪುರ.

ಗಂಜ್ ನೋಡಲು ಹೇಗಿರುತ್ತದೆ? ಕಲ್ಲು ಗಾರೆಯ ಒಂದು ಚೌಕಾಕಾರದ ಕಂಬ. ಎತ್ತರ 25ರಿಂದ 40 ಅಡಿ. ಕಿಟಕಿ ಇಲ್ಲ, ಕಮಾನು ಇಲ್ಲ, ಕೆತ್ತನೆಯೂ ಇಲ್ಲ. ಇಂಥ ಗಂಜ್‌ಗಳು ವಿಜಯಪುರದಲ್ಲಿ ಇಂದಿಗೂ ಅಲ್ಲಲ್ಲಿ ನಿಂತಿವೆ. ಹೊರಗಿನಿಂದ ಬಂದವರು ಕಾವಲು ಬುರುಜು ಇರಬೇಕು ಎಂದುಕೊಂಡು ಮುಂದೆ ಹೋಗುತ್ತಾರೆ. ಕಾವಲಿಗೆ ಕಟ್ಟಿದ ಉಪ್ಪಲಿ ಬುರುಜು ಬೇರೆಯೇ ಇದೆ. ಅದು ದುಂಡಗಿದೆ, ಹೊರಗಿನಿಂದ ಸುತ್ತಿಕೊಂಡು ಹೋಗುವ ಮೆಟ್ಟಿಲುಗಳಿವೆ, ಮೇಲೆ ಫಿರಂಗಿಗಳಿವೆ. ಗಂಜ್‌ನ ಮೇಲೆ ಫಿರಂಗಿ ಇರಲಿಲ್ಲ, ಒಂದು ತೊಟ್ಟಿ ನೀರು ಇತ್ತು. ನನ್ನ ತಾಯಿಯ ತವರು ವಿಜಯಪುರ. "ಅದರಾಗ ಏನೈತಿ ಅಜ್ಜಾ?" ಎಂದು ಕೇಳಿದಾಗ ಅಜ್ಜ ಕೊಟ್ಟ ಉತ್ತರ ಇಷ್ಟೇ: "ಈಗ ಏನೂ ಇಲ್ಲವಾ. ಆಗ ಊರಿನ ಜೀವಾ ಇತ್ತು."

ಆ ಮಾತು ಅರ್ಥವಾಗಬೇಕಾದರೆ ಮೊದಲು ಆ ಊರಿನ ನೀರಿನ ಕಷ್ಟ ತಿಳಿಯಬೇಕು. ವಿಜಯಪುರದ ಪಕ್ಕದಲ್ಲಿ ದೊಡ್ಡ ನದಿ ಇಲ್ಲ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ಎರಡೂ ದೂರ. ಹತ್ತಿರ ಹರಿಯುವ ಡೋಣಿಯ ನೀರು ಉಪ್ಪು. ಮಳೆ ವರ್ಷಕ್ಕೆ ಆರುನೂರು ಮಿಲಿಮೀಟರಿನ ಒಳಗೆ, ಅದೂ ನಂಬುವ ಹಾಗಿಲ್ಲ. ಇಂಥ ಕಡೆ ಆದಿಲ್‌ಶಾಹಿ ಅರಸರು ರಾಜಧಾನಿ ಮಾಡಿಕೊಂಡರು. ಸುಮಾರು 1490ರಿಂದ 1686ರವರೆಗೆ, ಅಂದರೆ ಇನ್ನೂರು ವರ್ಷಗಳ ಹತ್ತಿರ, ಅಲ್ಲಿಂದಲೇ ಆಳಿದರು. ಅರಸ, ಸೈನಿಕ, ವ್ಯಾಪಾರಿ, ಕುಶಲಕರ್ಮಿ, ಆನೆ, ಕುದುರೆ ಎಲ್ಲಕ್ಕೂ ನೀರು ಬೇಕು. ಸಲಾಲಾದಲ್ಲಿ ಬೆಳೆದ ನಮಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ನೀರಿಲ್ಲದ ಕಡೆ ಊರು ಕಟ್ಟಬೇಕಾದರೆ ನೀರನ್ನು ಎಲ್ಲಿಂದಲೋ ತರಲೇಬೇಕು.

ಅವರು ಮೊದಲು ನೋಡಿದ್ದು ಪಶ್ಚಿಮದ ಕಡೆಗೆ, ತೊರವೆ ಎಂಬ ಹಳ್ಳಿಯನ್ನು. ಊರಿನಿಂದ ಐದಾರು ಕಿಲೋಮೀಟರ್ ದೂರ. ತೊರವೆ ಎಂದ ಕೂಡಲೇ ಇಲ್ಲಿ ಕೂತಿರುವ ಕನ್ನಡ ಗುರುಗಳ ಕಿವಿ ನೆಟ್ಟಗಾಗಿರಬೇಕು. ಹೌದು, ಅದೇ ತೊರವೆ. ಕುಮಾರ ವಾಲ್ಮೀಕಿಯ ತೊರವೆ ರಾಮಾಯಣದ ತೊರವೆ. ಭಾಮಿನಿ ಷಟ್ಪದಿಯಲ್ಲಿ ರಾಮಾಯಣ ಬರೆದ ಕವಿ ಆ ಊರಿನ ನರಸಿಂಹ ದೇವರ ಭಕ್ತ. ಅದೇ ನೆಲದ ಅಡಿಯಿಂದ ಮುಂದೆ ಸುಲ್ತಾನರ ರಾಜಧಾನಿಗೆ ನೀರು ಹರಿಯಿತು. ನಾವು ಪಠ್ಯದಲ್ಲಿ ಸಾಹಿತ್ಯ ಚರಿತ್ರೆಯನ್ನು ಒಂದು ಪಾಠದಲ್ಲಿ, ಆದಿಲ್‌ಶಾಹಿಗಳನ್ನು ಇನ್ನೊಂದು ಪಾಠದಲ್ಲಿ ಓದುತ್ತೇವೆ. ಹಳ್ಳಿ ಮಾತ್ರ ಎರಡಕ್ಕೂ ಒಂದೇ.

1565ರ ರಕ್ಕಸತಂಗಡಿ ಯುದ್ಧದ ಕಾಲದಲ್ಲಿ ಆಳುತ್ತಿದ್ದ ಒಂದನೆಯ ಅಲಿ ಆದಿಲ್‌ಶಾ ಊರಿಗೆ ದೊಡ್ಡ ಕೋಟೆಗೋಡೆ ಕಟ್ಟಿಸಿದ. ತೊರವೆಯಿಂದ ನೆಲದ ಅಡಿಯಲ್ಲಿ ಸುರಂಗ ಕೊರೆಸಿ ನೀರು ತರುವ ಕೆಲಸವನ್ನೂ ಅವನ ಹೆಸರಿಗೇ ಹೇಳುತ್ತಾರೆ. ಊರಿನೊಳಗೆ ಅವನು ಕಟ್ಟಿಸಿದ ಚಾಂದ್ ಬಾವಡಿಗೆ ರಾಣಿ ಚಾಂದ್ ಬೀಬಿಯ ಹೆಸರು. ಆಮೇಲೆ ಬಂದ ಎರಡನೆಯ ಇಬ್ರಾಹಿಂ ಆದಿಲ್‌ಶಾನ ಕಾಲದಲ್ಲಿ, ಸುಮಾರು 1620ರಲ್ಲಿ, ತಾಜ್ ಬಾವಡಿ ಆಯಿತು. ಅದರ ಒಂದೊಂದು ಬದಿ ಇನ್ನೂರು ಅಡಿಗಿಂತ ಉದ್ದ, ಆಳ ಐವತ್ತು ಅಡಿಯ ಆಸುಪಾಸು. ಬಾವಿಗೆ ಇಳಿಯುವ ಕಡೆ ದೊಡ್ಡ ಕಮಾನು, ಆಚೀಚೆ ಎಂಟು ಮೂಲೆಯ ಎರಡು ಗೋಪುರ. ಬಾವಿ ಎನ್ನುವುದಕ್ಕಿಂತ ನೀರಿನ ಅರಮನೆ ಎನ್ನಬಹುದು.

ಊರು ಬೆಳೆಯುತ್ತ ಹೋಯಿತು, ತೊರವೆಯ ನೀರು ಸಾಲದಾಯಿತು. 1651ರಲ್ಲಿ ಮಹಮ್ಮದ್ ಆದಿಲ್‌ಶಾ ಊರಿನ ದಕ್ಷಿಣಕ್ಕೆ ಬೇಗಂ ತಲಾಬ್ ಎಂಬ ದೊಡ್ಡ ಕೆರೆ ಕಟ್ಟಿಸಿದ. ಗೋಳಗುಮ್ಮಟದಲ್ಲಿ ಮಲಗಿರುವ ಅರಸ ಇವನೇ. ಕೆರೆಯಿಂದ ಊರಿಗೆ ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದಕ್ಕೊಂದು ಸೇರಿಸಿ, ಸುತ್ತ ಗಾರೆ ಕಟ್ಟಿ, ನೆಲದೊಳಗೆ 15ರಿಂದ 50 ಅಡಿ ಆಳದಲ್ಲಿ ಹೂತರು. ಯಂತ್ರಗಳಿಲ್ಲದ ಕಾಲದಲ್ಲಿ ಐವತ್ತು ಅಡಿ ಅಗೆಯುವುದು ಎಂದರೆ ಏನು ಎಂದು ಒಮ್ಮೆ ಯೋಚಿಸಿ. ನಾವಿರುವ ಮೂರು ಮಹಡಿಯ ಕಟ್ಟಡವನ್ನು ತಲೆಕೆಳಗಾಗಿ ಹೂಳುವಷ್ಟು ಆಳ.

ಈಗ ಗಂಜ್‌ನ ಸರದಿ. ನೀರು ಎತ್ತರದ ಕೆರೆಯಿಂದ ತಗ್ಗಿನ ಊರಿಗೆ ತಾನಾಗಿಯೇ ಇಳಿಯುತ್ತದೆಯಲ್ಲ, ನಡುವೆ ಗೋಪುರ ಯಾಕೆ? ನನಗೂ ಮೊದಲು ಇದೇ ಪ್ರಶ್ನೆ ಬಂತು. ಉತ್ತರ ನಮ್ಮ ಭೌತಶಾಸ್ತ್ರದ ಪುಸ್ತಕದಲ್ಲೇ ಇತ್ತು.

ಮುಚ್ಚಿದ ಕೊಳವೆಯಲ್ಲಿ ನೀರು ಎಷ್ಟು ಎತ್ತರದಿಂದ ಇಳಿದಿದೆಯೋ ಅಷ್ಟೂ ಎತ್ತರದ ಭಾರ ಕೆಳಗಿನ ಕೊಳವೆಯ ಗೋಡೆಯ ಮೇಲೆ ಬೀಳುತ್ತದೆ. ಹತ್ತು ಮೀಟರ್ ನೀರು ಎಂದರೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ. ಇಂದಿನ ಕಬ್ಬಿಣದ ಪೈಪು ಇದನ್ನು ಸುಲಭವಾಗಿ ತಡೆಯುತ್ತದೆ. ಕುಂಬಾರನ ಕೈಯಲ್ಲಾದ ಮಣ್ಣಿನ ಕೊಳವೆ ಎಲ್ಲಿ ತಡೆಯಬೇಕು? ಮೊದಲು ಸೇರಿಕೆಯಲ್ಲಿ ಸೋರುತ್ತದೆ, ಆಮೇಲೆ ಒಡೆಯುತ್ತದೆ. ನೆಲದಿಂದ ಐವತ್ತು ಅಡಿ ಕೆಳಗೆ ಒಡೆದದ್ದು ಎಲ್ಲಿ ಎಂದು ಹುಡುಕುವವರು ಯಾರು?

ಅದಕ್ಕೇ ಅವರು ದಾರಿಯಲ್ಲಿ ಅಷ್ಟಷ್ಟು ದೂರಕ್ಕೆ ಒಂದೊಂದು ಗಂಜ್ ಕಟ್ಟಿದರು. ನೆಲದೊಳಗಿನ ಕೊಳವೆ ಗಂಜ್‌ನ ಒಳಗೆ ಮೇಲಕ್ಕೆ ಏರುತ್ತದೆ. ನೀರು ತನ್ನ ಮಟ್ಟವನ್ನು ತಾನೇ ಹುಡುಕಿಕೊಳ್ಳುತ್ತದೆ ಎಂಬುದು ನಮಗೆ ಗೊತ್ತು. ಹಿಂದಿನಿಂದ ಬರುವ ಒತ್ತಡವೇ ನೀರನ್ನು ತುದಿಯ ತೊಟ್ಟಿಯವರೆಗೆ ಏರಿಸುತ್ತದೆ. ಎತ್ತು ಬೇಡ, ಏತ ಬೇಡ. ತೊಟ್ಟಿ ಗಾಳಿಗೆ ತೆರೆದಿರುತ್ತದೆ. ಅಲ್ಲಿ ನೀರು ತನ್ನ ಒತ್ತಡವನ್ನು ಬಿಟ್ಟುಕೊಡುತ್ತದೆ. ಆಮೇಲೆ ಇನ್ನೊಂದು ಕೊಳವೆಯಲ್ಲಿ ಇಳಿದು ಮುಂದಿನ ಗಂಜ್‌ನ ಕಡೆಗೆ ಹೊರಡುತ್ತದೆ. ಮುಂದಿನ ತೊಟ್ಟಿ ಹಿಂದಿನದಕ್ಕಿಂತ ಸ್ವಲ್ಪ ತಗ್ಗಿನಲ್ಲಿರಬೇಕು, ಇಲ್ಲದಿದ್ದರೆ ನೀರು ಹೋಗುವುದಿಲ್ಲ. ಹೀಗೆ ಒಂದೇ ದೊಡ್ಡ ಇಳಿಜಾರಿನ ಭಾರವನ್ನು ಸಣ್ಣ ಸಣ್ಣ ಪಾಲು ಮಾಡಿ ಹಂಚಿದರು. ಯಾವ ಕೊಳವೆಯ ಮೇಲೂ ಅದು ತಾಳಲಾರದಷ್ಟು ಹೊರೆ ಬೀಳಲಿಲ್ಲ.

ಗಂಜ್‌ಗೆ ಇನ್ನೂ ಎರಡು ಕೆಲಸ ಇದ್ದವು. ಕೊಳವೆಯೊಳಗೆ ಸಿಕ್ಕಿಕೊಂಡ ಗಾಳಿ ನೀರಿನ ದಾರಿಗೆ ಅಡ್ಡ ಬರುತ್ತದೆ. ಮನೆಯ ಮೇಲಿನ ಟ್ಯಾಂಕ್ ಖಾಲಿಯಾಗಿ ಮತ್ತೆ ತುಂಬಿದಾಗ ನಲ್ಲಿ ಕೆಮ್ಮುತ್ತದೆಯಲ್ಲ, ಹಾಗೆ. ಗಂಜ್‌ನ ತುದಿಯಲ್ಲಿ ಆ ಗಾಳಿ ಹೊರಗೆ ಹೋಗುತ್ತಿತ್ತು. ಮೂರನೆಯದಾಗಿ, ನೀರಿನ ವೇಗ ತಗ್ಗಿದಾಗ ಅದರಲ್ಲಿದ್ದ ಮಣ್ಣು, ಕಸ ಕೆಳಗೆ ಉಳಿಯುತ್ತಿತ್ತು. ತಿಳಿಯಾದ ನೀರು ಮುಂದೆ ಹೋಗುತ್ತಿತ್ತು.

ಇಲ್ಲಿ ಒಂದು ವ್ಯತ್ಯಾಸ ಹೇಳಬೇಕು. ಇಂದು ನಾವು ಊರೂರಿನಲ್ಲಿ ನೋಡುವ ಓವರ್‌ಹೆಡ್ ಟ್ಯಾಂಕ್ ನೀರನ್ನು ಕೂಡಿಡುವ ಗೋಪುರ. ಅದಕ್ಕೆ ಪಂಪಿನಿಂದ ನೀರು ಏರಿಸುತ್ತಾರೆ. ಗಂಜ್ ಕೂಡಿಡುವುದಿಲ್ಲ, ತನಗಾಗಿ ಒಂದು ಕೊಡವನ್ನೂ ಇಟ್ಟುಕೊಳ್ಳುವುದಿಲ್ಲ. ಬಂದ ನೀರನ್ನು ಸ್ವಲ್ಪ ಹೊತ್ತು ತಂಗಿಸಿ, ಹಗುರ ಮಾಡಿ, ತಿಳಿ ಮಾಡಿ ಕಳಿಸುತ್ತದೆ. ಅಷ್ಟೇ ಅದರ ಕೆಲಸ.

ಈ ಉಪಾಯ ವಿಜಯಪುರದಲ್ಲಿ ಮಾತ್ರ ಇತ್ತು ಎಂದು ನಾನು ಹೇಳುತ್ತಿಲ್ಲ. ಇಟಲಿಯ ಪೊಂಪೈ ಪಟ್ಟಣದಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಬೀದಿಯ ಮೂಲೆಗಳಲ್ಲಿ ಕಂಬ ಕಟ್ಟಿ, ಮೇಲೆ ಸೀಸದ ತೊಟ್ಟಿ ಇಟ್ಟು, ಒತ್ತಡ ತಗ್ಗಿಸುತ್ತಿದ್ದರು. ಇಸ್ತಾಂಬುಲಿನಲ್ಲಿ ಒಟ್ಟೋಮನ್ ಕಾಲದ ಇಂಥ ಗೋಪುರಗಳಿಗೆ "ಸು ತೆರಾಜಿಸಿ" ಎನ್ನುತ್ತಾರೆ. ಅದರ ಅರ್ಥ ನೀರಿನ ತಕ್ಕಡಿ. ಎಷ್ಟು ಚಂದದ ಹೆಸರು! ಆದಿಲ್‌ಶಾಹಿ ಆಸ್ಥಾನಕ್ಕೆ ಪರ್ಷಿಯಾದಿಂದ, ಪಶ್ಚಿಮ ಏಷ್ಯಾದ ಬೇರೆ ಕಡೆಗಳಿಂದ ವಿದ್ವಾಂಸರು, ಕೆಲಸಗಾರರು ಬರುತ್ತಲೇ ಇದ್ದರು. ಜನ ಬಂದಾಗ ತಿಳಿವಳಿಕೆಯೂ ಬರುತ್ತದೆ. ಆದರೆ ಇಳಿಜಾರು ಅಳೆದು, ಕಪ್ಪು ಕಲ್ಲು ಒಡೆದು, ಮಣ್ಣು ಹದ ಮಾಡಿ ಕೊಳವೆ ಸುಟ್ಟ ಕೈಗಳು ನಮ್ಮ ನೆಲದವೇ ಇರಬೇಕು. ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ.

ನೀರು ಊರಿಗೆ ಬಂದು ಏನು ಮಾಡಿತು? ಆಸಾರ್ ಮಹಲಿನ ಮುಂದಿನ ಕೊಳ ತುಂಬಿಸಿತು. ಸಾತ್ ಮಂಜಿಲ್ ಎಂಬ ಏಳು ಅಂತಸ್ತಿನ ಅರಮನೆಯಲ್ಲಿ ಕೊಳವೆಗಳ, ಸ್ನಾನದ ತೊಟ್ಟಿಗಳ ಗುರುತು ಉಳಿದಿವೆ. ಅರಮನೆಗೆ ಮಾತ್ರವಲ್ಲ, ತೋಟಗಳಿಗೆ, ಜನ ನೀರು ತುಂಬಿಕೊಳ್ಳುವ ಬಾವಡಿಗಳಿಗೆ, ಹೊಂಡಗಳಿಗೆ ಕೂಡ ಅದು ಹೋಯಿತು. ತಾಜ್ ಬಾವಡಿಯ ಸುತ್ತ ದಾರಿಹೋಕರು ತಂಗಲು ಕೋಣೆಗಳಿದ್ದವು.

1686ರಲ್ಲಿ ಔರಂಗಜೇಬನ ಸೈನ್ಯ ಮುತ್ತಿಗೆ ಹಾಕಿ ವಿಜಯಪುರವನ್ನು ಗೆದ್ದಿತು. ರಾಜಧಾನಿ ಎಂಬ ಪಟ್ಟ ಹೋಯಿತು, ಜನ ಚದುರಿದರು. ಯಾರೂ ಗಂಜ್‌ಗಳನ್ನು ಸಾಲಾಗಿ ಕೆಡವಲಿಲ್ಲ. ಅವು ಇಂದಿಗೂ ನಿಂತಿವೆ. ಹಾಗಾದರೆ ನೀರು ಯಾಕೆ ನಿಂತಿತು? ನಾನು ಈ ಪ್ರಶ್ನೆಯ ಮುಂದೆ ಬಹಳ ದಿನ ಕೂತೆ. ಗೋಪುರ ಗಟ್ಟಿಯಾಗಿದ್ದರೆ ಸಾಲದು. ಎರಡು ಗೋಪುರಗಳ ನಡುವೆ, ಕಣ್ಣಿಗೆ ಕಾಣದ ಕಡೆ, ಕೊಳವೆ ಸೋರಿದರೆ ಮುಚ್ಚಬೇಕು, ಹೂಳು ತುಂಬಿದರೆ ತೆಗೆಯಬೇಕು, ಬೇರು ನುಗ್ಗಿದರೆ ಕತ್ತರಿಸಬೇಕು. ಅದನ್ನು ನೋಡಿಕೊಳ್ಳುವವರಿಗೆ ಸಂಬಳ ಕೊಡುವ ಅರಮನೆ ಹೋದ ಮೇಲೆ ಆ ಕೆಲಸ ಯಾರದೂ ಆಗಲಿಲ್ಲ. ಕಟ್ಟಡ ಉಳಿಯಿತು, ಕೆಲಸ ನಿಂತಿತು. ಇಂದು ಊರಿನ ಜನ ಕೃಷ್ಣೆಯ ನೀರು ಕುಡಿಯುತ್ತಾರೆ. ಕೊಲ್ಹಾರದಿಂದ ಪಂಪು ಮಾಡಿ ತರುತ್ತಾರೆ.

ಇದು ನನ್ನ ಮಾತಿನ ನಡುಮಧ್ಯ. ಇಲ್ಲಿಂದ ನಾನು ನಿಮ್ಮನ್ನು ನಾವಿರುವ ದೇಶಕ್ಕೇ ಕರೆತರುತ್ತೇನೆ. ಯಾಕೆಂದರೆ ವಿಜಯಪುರದ ಸುರಂಗದ ಹತ್ತಿರದ ನೆಂಟರು ಒಮಾನಿನಲ್ಲಿದ್ದಾರೆ.

ನಿಜ್ವಾ ಕಡೆ ಪ್ರವಾಸ ಹೋದವರು ಫಲಜ್ ನೋಡಿರುತ್ತೀರಿ. ಬೆಟ್ಟದ ಬುಡದಲ್ಲಿ ತಾಯಿಬಾವಿ ತೋಡಿ, ಅಲ್ಲಿಂದ ನೆಲದ ಅಡಿಯಲ್ಲಿ ಸಣ್ಣ ಇಳಿಜಾರಿನ ಸುರಂಗ ಕೊರೆದು, ಮೈಲಿಗಟ್ಟಲೆ ದೂರದ ಖರ್ಜೂರದ ತೋಟಕ್ಕೆ ನೀರು ತರುವುದು ಅದರ ಒಂದು ಬಗೆ. ದಾರಿಯುದ್ದಕ್ಕೂ ಗಾಳಿ ಬೆಳಕಿಗೆ, ಹೂಳು ತೆಗೆಯಲು ಬಾವಿಗಳು. ಇರಾನಿನಲ್ಲಿ ಇದೇ ಖನಾತ್. ನಮ್ಮ ಬೀದರಿನ ನೌಬಾದಿನಲ್ಲಿ ಇದೇ ಕರೇಜ್. ವಿಜಯಪುರದಲ್ಲಿ ಸುರಂಗ ಬಾವಡಿ. ನಮ್ಮಲ್ಲಿ ಕಾಸರಗೋಡು, ಪುತ್ತೂರು, ಬಂಟ್ವಾಳದ ಕಡೆಯವರು ಅನೇಕರಿದ್ದೀರಿ. ನಿಮ್ಮ ಅಡಿಕೆ ತೋಟದ ಹಿಂದೆ, ಕೆಂಪು ಮುರಕಲ್ಲಿನ ಗುಡ್ಡದಲ್ಲಿ ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಕೊರೆದ ಸುರಂಗ ಇರುತ್ತದೆಯಲ್ಲ, ಅದೂ ಈ ಬಳಗದ್ದೇ. ಹೆಸರು ಬೇರೆ ಬೇರೆ, ಆದರೆ ಎಲ್ಲ ಕಡೆ ನೀರನ್ನು ಎಳೆಯುವುದು ಭೂಮಿಯ ಇಳಿಜಾರೇ.

ಒಮಾನಿನಲ್ಲಿ ಇಂದಿಗೂ ಮೂರು ಸಾವಿರಕ್ಕಿಂತ ಹೆಚ್ಚು ಫಲಜ್‌ಗಳಲ್ಲಿ ನೀರು ಹರಿಯುತ್ತಿದೆ. ಅವುಗಳಲ್ಲಿ ಐದನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವು ಗಂಜ್‌ಗಿಂತ ಹಳೆಯವು. ಹಾಗಿದ್ದರೂ ಹರಿಯುತ್ತಿವೆ. ಯಾಕೆ? ಫಲಜ್ ಎಂಬ ಮಾತಿನ ಅರ್ಥವೇ ಪಾಲು ಮಾಡುವುದು. ಅಲ್ಲಿ ನೀರು ಅರಸನದಲ್ಲ, ಊರಿನವರದು. ಮೊದಲು ಕುಡಿಯಲು, ಆಮೇಲೆ ಮಸೀದಿಗೆ, ಸ್ನಾನಕ್ಕೆ, ಕೊನೆಗೆ ತೋಟಕ್ಕೆ. ತೋಟದ ನೀರನ್ನು ಕೊಡದ ಲೆಕ್ಕದಲ್ಲಿ ಅಳೆಯುವುದಿಲ್ಲ, ಹೊತ್ತಿನ ಲೆಕ್ಕದಲ್ಲಿ ಅಳೆಯುತ್ತಾರೆ. ಸುಮಾರು ಅರ್ಧ ಗಂಟೆಯ ಒಂದು ಪಾಲಿಗೆ ಅಥರ್ ಎಂದು ಹೆಸರು. ಹಗಲು ಕಂಬದ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಸರದಿ ಹೇಳುತ್ತಿದ್ದರು. ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇನ್ನೊಂದಿದೆ. ಕೆಲವು ಪಾಲುಗಳು ಯಾವ ಮನುಷ್ಯನದೂ ಅಲ್ಲ, ಫಲಜ್‌ನದೇ. ಆ ಪಾಲಿನ ನೀರನ್ನು ಹರಾಜು ಹಾಕಿ, ಬಂದ ಹಣದಿಂದ ಫಲಜ್ ದುರಸ್ತಿ ಮಾಡುತ್ತಾರೆ. ನೀರು ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುತ್ತದೆ.

ನಮ್ಮ ಸಲಾಲಾದ ಕಥೆ ಸ್ವಲ್ಪ ಬೇರೆ. ಇಲ್ಲಿ ಊರಿನಲ್ಲಿ ಬೀಳುವ ಮಳೆ ವರ್ಷಕ್ಕೆ ನೂರು ಮಿಲಿಮೀಟರಿನ ಆಸುಪಾಸು. ಖರೀಫ್ ತಿಂಗಳುಗಳಲ್ಲಿ ಮಂಜು ಬಂದು ಬೆಟ್ಟಕ್ಕೆ ತಾಗುತ್ತದೆ, ಮರದ ಎಲೆಗಳು ಅದನ್ನು ಹಿಡಿದು ಹನಿ ಮಾಡಿ ನೆಲಕ್ಕೆ ಇಳಿಸುತ್ತವೆ, ಸುಣ್ಣಕಲ್ಲಿನ ಒಳಗೆ ಇಳಿದ ಆ ನೀರು ಬೆಟ್ಟದ ಬುಡದಲ್ಲಿ ಐನ್ ರಜಾತ್, ಐನ್ ಗರ್ಜೀಜ್‌ನಂಥ ಊಟೆಗಳಾಗಿ ಹೊರಬರುತ್ತದೆ. ನಾವು ಪಿಕ್ನಿಕ್ ಮಾಡುವ ಐನ್ ರಜಾತ್ ನಿಜವಾಗಿ ಈ ಬಯಲಿನ ತೊಟ್ಟಿಲು. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ, ಧೋಫಾರಿನ ಜನ ಬಹಳ ಆಳದ ಬಾವಿಗಳಿಂದ ದೊಡ್ಡ ಬಕೆಟ್ಟಿನಲ್ಲಿ ನೀರೆತ್ತಿ ಜೋಳದಂಥ ಧಾನ್ಯ ಬೆಳೆಯುತ್ತಿದ್ದರು ಎಂದು ಬರೆದಿದ್ದಾನೆ. ನಮ್ಮ ಕಡೆಯ ಕಪಿಲೆ ಬಾವಿಯ ನೆನಪಾಗುತ್ತದೆ, ಆದರೆ ಇಲ್ಲಿ ಹಗ್ಗ ಎಳೆದವರು ಎತ್ತುಗಳಲ್ಲ, ಗುಲಾಮರು. ಇಲ್ಲಿಂದ ಒಳ್ಳೆಯ ಕುದುರೆಗಳು ಹಡಗು ಹತ್ತಿ ಭಾರತಕ್ಕೆ ಹೋಗುತ್ತಿದ್ದವು ಎಂದೂ ಅವನು ಹೇಳುತ್ತಾನೆ. ಅಂದರೆ ನಮ್ಮ ಎರಡು ತೀರಗಳು ಒಂದಕ್ಕೊಂದು ಹೊಸಬರಲ್ಲ.

ಇಂದು ನಮ್ಮ ನಲ್ಲಿಗೆ ಬರುವ ನೀರಿನಲ್ಲಿ ದೊಡ್ಡ ಪಾಲು ಸಮುದ್ರದ ಉಪ್ಪು ತೆಗೆದ ನೀರು. ಬಯಲಿನ ಬಾವಿಗಳಿಂದ ಹೆಚ್ಚು ನೀರೆತ್ತಿದಾಗ ಸಮುದ್ರದ ಉಪ್ಪುನೀರು ನೆಲದೊಳಗೆ ನುಗ್ಗತೊಡಗಿತು. ಅದನ್ನು ತಡೆಯಲು, ಬಳಸಿದ ನೀರನ್ನು ಶುದ್ಧ ಮಾಡಿ ತೀರದುದ್ದಕ್ಕೂ ಬಾವಿಗಳ ಮೂಲಕ ಮತ್ತೆ ಭೂಮಿಗೆ ಇಳಿಸುತ್ತಾರೆ. ನೆಲದ ಅಡಿಯಲ್ಲಿ ಸಿಹಿನೀರಿನ ಒಂದು ಗೋಡೆ! ನಾವು ಅದರ ಮೇಲೆ ದಿನವೂ ಓಡಾಡುತ್ತೇವೆ. ಇನ್ನು 2018ರ ಮೇ ತಿಂಗಳ ಮೆಕುನು ಚಂಡಮಾರುತವನ್ನು ಇಲ್ಲಿರುವ ಯಾರೂ ಮರೆತಿಲ್ಲ. ನಾಲ್ಕು ದಿನದಲ್ಲಿ 617 ಮಿಲಿಮೀಟರ್ ಮಳೆ. ವಿಜಯಪುರ ಇಡೀ ವರ್ಷ ಕಾಯುವಷ್ಟು ಮಳೆ ಸಲಾಲಾದಲ್ಲಿ ನಾಲ್ಕು ದಿನದಲ್ಲಿ ಸುರಿದು, ರಸ್ತೆ ಕೊಚ್ಚಿ, ಸಮುದ್ರಕ್ಕೆ ಹೋಯಿತು. ನೀರು ಇಲ್ಲದಿರುವುದು ಒಂದು ಕಷ್ಟ. ನಿಲ್ಲದೆ ಒಂದೇ ಸಲ ಬರುವುದು ಇನ್ನೊಂದು ಕಷ್ಟ. ನೀರನ್ನು ತಂಗಿಸಿ ಕಳಿಸುವುದು ಎಷ್ಟು ದೊಡ್ಡ ವಿದ್ಯೆ ಎಂದು ಆಗ ಅರ್ಥವಾಗುತ್ತದೆ.

ಈಗ ಫಲಜ್ ಮತ್ತು ಗಂಜ್ ಎರಡನ್ನೂ ಪಕ್ಕಪಕ್ಕ ಇಡೋಣ. ಕಲ್ಲುಗಾರೆಯಲ್ಲಿ, ಲೆಕ್ಕಾಚಾರದಲ್ಲಿ ಗಂಜ್ ಕಡಿಮೆಯದೇನಲ್ಲ. ಆದರೂ ಅದು ಬತ್ತಿತು. ಗಂಜ್ ನಂಬಿಕೊಂಡಿದ್ದದ್ದು ಒಂದು ಅರಮನೆಯನ್ನು. ಫಲಜ್ ನಂಬಿಕೊಂಡಿರುವುದು ಊರಿನ ಪ್ರತಿ ಮನೆಯ ಸರದಿಯನ್ನು. ಅರಮನೆ ಒಂದು ದಿನ ಬೀಳುತ್ತದೆ. ಸರದಿ ಬೀಳುವುದಿಲ್ಲ, ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ.

ವಿಜಯಪುರದಲ್ಲಿಯೂ ಒಳ್ಳೆಯ ಸುದ್ದಿಗಳಿವೆ. ಕಳೆದ ಕೆಲವು ವರ್ಷಗಳಲ್ಲಿ ತಾಜ್ ಬಾವಡಿಯಂಥ ಹಳೆಯ ಬಾವಡಿಗಳ ಹೂಳು, ಕಸ ತೆಗೆಸಿದ್ದಾರೆ. 2020ರಲ್ಲಿ ವಿಶ್ವ ಸ್ಮಾರಕ ನಿಧಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ, ಗಮನ ಕೊಡಬೇಕಾದ ಜಾಗಗಳ ತನ್ನ ಪಟ್ಟಿಯಲ್ಲಿ ದಖನ್ ಪ್ರಸ್ಥಭೂಮಿಯ ಹಳೆಯ ನೀರಿನ ವ್ಯವಸ್ಥೆಗಳನ್ನು ಸೇರಿಸಿತು. ವಿಜಯಪುರದ ಸುರಂಗ ಬಾವಡಿಯ ಹೆಸರು ಹಾಗೆ ಹೊರಗೆ ಬಂತು. ಆದರೆ ಪಟ್ಟಿಯಲ್ಲಿ ಹೆಸರು ಬಂದರೆ ಕೊಳವೆಯಲ್ಲಿ ನೀರು ಬರುವುದಿಲ್ಲ. ಗಂಜ್‌ನ ಪಕ್ಕದ ಮನೆಯವರಿಗೆ ಅದು ಏನು ಎಂದು ಗೊತ್ತಿರಬೇಕು. ಆ ಓಣಿಯ ಮಕ್ಕಳಿಗೆ ಗೊತ್ತಿರಬೇಕು. ನಮಗೂ ಗೊತ್ತಿರಬೇಕು. ಮುಂದಿನ ಸಲ ಊರಿಗೆ ಹೋದಾಗ ವಿಜಯಪುರಕ್ಕೆ ಹೋಗುವವರು ಗೋಳಗುಮ್ಮಟ ನೋಡಿ, ಇಬ್ರಾಹಿಂ ರೋಜಾ ನೋಡಿ, ಆಮೇಲೆ ಐದು ನಿಮಿಷ ಒಂದು ಗಂಜ್‌ನ ಬುಡದಲ್ಲಿಯೂ ನಿಲ್ಲಿ. ಮಕ್ಕಳಿಗೆ ಒತ್ತಡದ ಪಾಠ ಅಲ್ಲಿಯೇ ಹೇಳಬಹುದು.

ಕೊನೆಗೆ ನಮ್ಮ ಈ ಶಾಲೆಯ ಬಗ್ಗೆ ಒಂದು ಮಾತು. ದೊಡ್ಡವರಿಗೆ ಬುದ್ಧಿ ಹೇಳುವ ವಯಸ್ಸು ನನ್ನದಲ್ಲ, ಹಾಗಾಗಿ ಇದನ್ನು ಕೋರಿಕೆ ಎಂದುಕೊಳ್ಳಿ.

ಈ ಶಾಲೆಗೆ ಸಂಬಳ ತೆಗೆದುಕೊಳ್ಳುವ ಗುರುಗಳಿಲ್ಲ. ವಾರವೆಲ್ಲ ಕೆಲಸ ಮಾಡಿ, ರಜೆಯ ದಿನ ಬಂದು ಕಲಿಸುವ ಅಮ್ಮಂದಿರು, ಅಪ್ಪಂದಿರು ಇದ್ದಾರೆ. ಕೊಲ್ಲಿ ದೇಶದಲ್ಲಿ ಯಾರೂ ಶಾಶ್ವತವಲ್ಲ. ಒಬ್ಬರ ಕಂಪನಿ ಬದಲಾದರೆ, ಒಬ್ಬರ ವೀಸಾ ಮುಗಿದರೆ, ಒಂದು ತರಗತಿಗೆ ಗುರುಗಳಿಲ್ಲ. ಮಕ್ಕಳಾದ ನಾವೂ ಹನ್ನೆರಡನೆಯ ತರಗತಿ ಮುಗಿಸಿ ಬೆಂಗಳೂರಿಗೋ ಮಂಗಳೂರಿಗೋ ಇನ್ನೆಲ್ಲಿಗೋ ಹೋಗುತ್ತೇವೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ, ಆದರೆ ಬೀಳ್ಕೊಡುಗೆಯ ದಿನ ಯಾರೂ ಹೇಳುವುದಿಲ್ಲ. ಇಬ್ಬರು ಮೂವರು ಗುರುಗಳ ಹೆಗಲ ಮೇಲೆ ಇಡೀ ಶಾಲೆ ನಿಂತರೆ ಅದು ಅರಮನೆಯ ನೀರು. ಅವರು ಊರು ಬಿಟ್ಟ ದಿನ ಬ್ಯಾನರ್ ಉಳಿಯುತ್ತದೆ, ಕಪಾಟಿನ ಪುಸ್ತಕ ಉಳಿಯುತ್ತದೆ, ತರಗತಿ ನಿಲ್ಲುತ್ತದೆ.

ಹಾಗಾಗಬಾರದು ಎಂದು ನಾವು, ಈ ವರ್ಷ ಮುಗಿಸುವವರು, ಮಾತಾಡಿಕೊಂಡು ಒಂದು ನಿರ್ಧಾರ ಮಾಡಿದ್ದೇವೆ. ಸಲಾಲಾದಲ್ಲಿ ಇರುವಷ್ಟು ದಿನ, ವಾರಕ್ಕೆ ಒಂದು ಅಥರ್, ಅಂದರೆ ಅರ್ಧ ಗಂಟೆ, ನಾವು ಒಬ್ಬೊಬ್ಬರು ಒಂದನೆಯ ಹಂತದ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಓದಿಸುತ್ತೇವೆ. ಒತ್ತಕ್ಷರ, ಕಾಗುಣಿತ, ಒಂದು ಸಣ್ಣ ಕಥೆ. ದೊಡ್ಡ ಕೆಲಸವೇನಲ್ಲ. ನಾವು ಹೋದಾಗ ನಮ್ಮ ಹಿಂದಿನ ತರಗತಿಯವರು ಆ ಸರದಿ ತೆಗೆದುಕೊಳ್ಳಬೇಕು. ಅವರು ಈಗಾಗಲೇ "ಹೂಂ" ಎಂದಿದ್ದಾರೆ, ಟೀಚರ್ ಸಾಕ್ಷಿ ಇದ್ದಾರೆ.

ತಂದೆತಾಯಂದಿರಲ್ಲಿ ನಮ್ಮ ಕೋರಿಕೆ ಎರಡು. ಒಂದು, ವರ್ಷಕ್ಕೆ ಒಂದು ಸಲವಾದರೂ ಪ್ರತಿ ಮನೆಯಿಂದ ಒಬ್ಬರು ಬಂದು ಒಂದು ತರಗತಿ ತೆಗೆದುಕೊಳ್ಳಿ. ವ್ಯಾಕರಣ ಬೇಡ. ನಿಮ್ಮ ಊರಿನ ಅಡುಗೆ, ನಿಮ್ಮ ಕೆಲಸ, ನಿಮ್ಮ ಊರಿನ ಬಾವಿ, ಏನಾದರೂ ಹೇಳಿ, ಕನ್ನಡದಲ್ಲಿ ಹೇಳಿ. ಹುಬ್ಬಳ್ಳಿಯ ಕನ್ನಡ, ಕುಂದಾಪುರದ ಕನ್ನಡ, ಮೈಸೂರಿನ ಕನ್ನಡ ಎಲ್ಲವೂ ಈ ತೊಟ್ಟಿಗೆ ಬರಲಿ. ಎರಡು, ಎರಡು ತರಗತಿಗಳ ನಡುವಿನ ಆರು ದಿನ ನಿಮ್ಮ ಕೈಯಲ್ಲಿದೆ. ಅದು ನೆಲದೊಳಗಿನ ಕೊಳವೆ, ಗುರುಗಳ ಕಣ್ಣಿಗೆ ಕಾಣುವುದಿಲ್ಲ. ನಾವು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೂ ನೀವು ಕನ್ನಡದಲ್ಲಿಯೇ ಕೇಳುತ್ತಾ ಇರಿ. ನಮಗೆ ಸಿಟ್ಟು ಬರಬಹುದು. ಆದರೂ ಕೇಳಿ.

  ಒಂದನೆಯ ಹಂತದ ಪುಟ್ಟ ತಮ್ಮ ತಂಗಿಯರೇ, ಮುಂದಿನ ವಾರ ಪುಸ್ತಕ ಮರೆಯದೆ ತನ್ನಿ. ಮೊದಲ ಸರದಿ ನನ್ನದು.